ಕವಡೆಗೆ ಕೋಡ್ ಬರೆಯುವುದು

ಈಗೀಗ ರಾತ್ರಿ ಊಟ ಆದಮೇಲೆ ಗೋಡೋ ಅನ್ನುವ, ಕಂಪ್ಯೂಟರ್ ಗೇಮ್ ಮಾಡುವ ಸಾಫ್ಟ್‌ವೇರ್ ತೆರೆದು ಚೌಕಾಬಾರ ಕಟ್ಟುತ್ತಾ ಕೂರುತ್ತೇನೆ. 25 ಮನೆ, ನಾಲ್ಕು ಕವಡೆ, ಅಷ್ಟೇ ಅಲ್ವಾ ಅನ್ನಿಸುತ್ತದೆ. ಆದರೆ ಕವಡೆಯನ್ನು ನಾಣ್ಯದ ಹಾಗೆ ಲೆಕ್ಕ ಹಾಕಿದರೆ 16ರಲ್ಲಿ 6 ಸಲ ಎರಡೇ ಬೀಳುತ್ತದೆ, ನಾಲ್ಕೂ ಬೋರಲು ಬಿದ್ದು ಎಂಟು ಬರುವುದು 16ರಲ್ಲಿ ಒಂದೇ ಸಲ. ನಿಜವಾದ ಕವಡೆ ಹೀಗೆ ಬೀಳುವುದಿಲ್ಲ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ಸೀಳು, ಒಂದೊಂದರ ತೂಕವೂ ಬೇರೆ. ಹಾಗಾಗಿ ಪ್ರತಿ ಕವಡೆಗೂ ಬೇರೆ ಬೇರೆ ಸಾಧ್ಯತೆ ಕೊಟ್ಟೆ, ಆಟಕ್ಕೆ ಜೀವ ಬಂತು.

ನನಗೆ ತುಂಬಾ ಇಷ್ಟವಾದ ರೂಲ್ ಅಂದರೆ, ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಅನ್ನುವುದು. ಕಥೆ ಬರೆಯುವಾಗಲೂ ಇದೇ ತಲೆಯಲ್ಲಿ ಓಡುತ್ತಿರುತ್ತದೆ. ಯಾರ ತಂಟೆಗೂ ಹೋಗದೆ ಸುಮ್ನೆ ಹೊರಸುತ್ತು ಸುತ್ತುವ ಪಾತ್ರ ನನ್ನ ಡ್ರಾಫ್ಟುಗಳಲ್ಲಿ ಜಾಸ್ತಿ, ಅವರನ್ನು ಒಬ್ಬರಿಗೊಬ್ಬರು ಎದುರು ಹಾಕಿದ ಮೇಲೇ ಕಥೆ ಮುಂದಕ್ಕೆ ಹೋಗುತ್ತದೆ.

ಕೆಲವು ಮನೆಗಳಲ್ಲಿ ಈ ರೂಲ್ ಇಲ್ಲದೆಯೂ ಆಡುತ್ತಾರೆ, ಅದಕ್ಕೆ ಸೆಟ್ಟಿಂಗ್ಸಲ್ಲಿ ಆನ್-ಆಫ್ ಇಡುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಹೇಗೆ ಆಡ್ತೀರಿ? ಬೇರೆ ರೂಲ್ ಇದ್ದರೆ ಹೇಳಿ, ಅದನ್ನೂ ಸೇರಿಸುತ್ತೇನೆ.