1970ರ ಡಾಡ್ಜ್ ಡಾರ್ಟ್ ಸ್ವಿಂಗರ್: ಬ್ರೇಕು ಮೊದಲು, ಎಂಜಿನ್ ಆಮೇಲೆ

ಅಕ್ಟೋಬರ್

ಅರಿಜೋನಾದಿಂದ ಟ್ರೇಲರ್ ಮೇಲೆ ಹೊರಟ ಕಾರು ಕೊನೆಗೂ ಡೆಟ್ರಾಯಿಟಿನ ಉತ್ತರಕ್ಕಿರುವ ನಮ್ಮ ಮನೆಯ ಗ್ಯಾರೇಜು ಸೇರಿದೆ. ಎರಡು ಬಾಗಿಲಿನ ಡಾರ್ಟ್ ಸ್ವಿಂಗರ್, 318 ಘನ ಅಂಗುಲದ ವಿ8, ಮೂರು ಗೇರಿನ ಟಾರ್ಕ್‌ಫ್ಲೈಟ್ ಆಟೊಮ್ಯಾಟಿಕ್. ಮಿಷಿಗನ್‌ನಲ್ಲೇ ಹುಟ್ಟಿದ ಕಾರನ್ನು ಅಷ್ಟು ದೂರದಿಂದ ತರಿಸಿದ್ದೇಕೆ ಎಂದು ಎಲ್ಲರೂ ಕೇಳುತ್ತಾರೆ. ಕಾರಣ ಉಪ್ಪು. ಡೆಟ್ರಾಯಿಟ್ ನಗರದ ಅಡಿಯಲ್ಲೇ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ಉಪ್ಪಿನ ಗಣಿ ಇದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಈ ಊರು ಕಟ್ಟಿದ ಕಾರುಗಳನ್ನು ಬುಡದಿಂದ ತಿಂದು ಮುಗಿಸಿದೆ. ಅರಿಜೋನಾದ ಬಿಸಿಲು ಹಾಗಲ್ಲ. ತಗಡನ್ನು ಮುಟ್ಟುವುದಿಲ್ಲ, ರಬ್ಬರನ್ನೂ ಡ್ಯಾಶ್‌ಬೋರ್ಡನ್ನೂ ಮಾತ್ರ ಹಪ್ಪಳ ಮಾಡಿಬಿಡುತ್ತದೆ. ಹಪ್ಪಳಕ್ಕೆ ಬದಲಿ ಸಿಗುತ್ತದೆ. ತುಕ್ಕು ಹಿಡಿದ ಚಾಸಿಗೆ ಎಲ್ಲಿಂದ ತರುವುದು?

ಮುಂಗಾಜಿನ ಒಳಗೆ, ಚಾಲಕನ ಬದಿಯ ತಗಡಿನ ಪಟ್ಟಿಯಲ್ಲಿ ಕಾರಿನ ಜಾತಕ ಇದೆ. ಎಲ್‌ಎಲ್23 ಎಂದರೆ ಎರಡು ಬಾಗಿಲಿನ ಡಾರ್ಟ್, ಜಿ ಎಂದರೆ 318, ಸೊನ್ನೆ ಎಂದರೆ 1970, ಬಿ ಎಂದರೆ ಹ್ಯಾಮ್‌ಟ್ರ್ಯಾಮ್ಕ್ ಕಾರ್ಖಾನೆ. ಡಾಡ್ಜ್ ಮೇನ್ ಎಂದು ಹೆಸರಾದ ಆ ಕಾರ್ಖಾನೆ 1980ರಲ್ಲಿ ಮುಚ್ಚಿತು, ಮರುವರ್ಷ ಅದನ್ನು ಕೆಡವಿದರು. ನಮ್ಮ ಮನೆಯಿಂದ ಅಲ್ಲಿಗೆ ಅರ್ಧ ಗಂಟೆಯ ದಾರಿ. ಹಿಂದಿನ ಸೀಟನ್ನು ಎತ್ತಿದಾಗ ಅದರ ಸ್ಪ್ರಿಂಗುಗಳ ನಡುವೆ ಕಂದು ಬಣ್ಣಕ್ಕೆ ತಿರುಗಿದ ಒಂದು ಹಾಳೆ ಸಿಕ್ಕಿತು: ಕಾರಿಗೆ ಏನೇನು ಜೋಡಿಸಬೇಕೆಂದು ಕಾರ್ಖಾನೆಯ ಕೆಲಸಗಾರರಿಗೆ ಕೊಟ್ಟಿದ್ದ ಪಟ್ಟಿ. ಮೂಲೆಯನ್ನು ಇಲಿ ತಿಂದಿದೆ, ಉಳಿದದ್ದು ಓದಲು ಬರುತ್ತದೆ.

ಪಂಡಿತರ ಲೆಕ್ಕದಲ್ಲಿ ಇದು ಮಸಲ್ ಕಾರೇ, ಅಂದರೆ ಭಾರಿ ಶಕ್ತಿಯ ಎಂಜಿನ್ ಹೊತ್ತ ವೇಗದ ಕಾರೇ, ಅಲ್ಲ. ಅದೇ ವರ್ಷದ ಸ್ವಿಂಗರ್ 340ಕ್ಕೆ ಮಾತ್ರ, ಅದರ 275 ಅಶ್ವಶಕ್ತಿಗೆ, ಆ ಪಟ್ಟ. ನನ್ನದಕ್ಕೆ ಬರೆದಿರುವುದು 230. ಅದೂ ಫ್ಯಾನು, ಸೈಲೆನ್ಸರುಗಳ ಭಾರವಿಲ್ಲದೆ ಎಂಜಿನ್ನನ್ನು ಬರಿದಾಗಿ ಓಡಿಸಿ ಅಳೆದ ಶಕ್ತಿ. 1972ರಲ್ಲಿ ಕಾರಿನೊಳಗೆ ಕೂತಂತೆಯೇ ಅಳೆಯಲು ಶುರುಮಾಡಿದಾಗ ಇದೇ 318 ಕಾಗದದ ಮೇಲೆ 150ಕ್ಕೆ ಇಳಿಯಿತು. ನನಗೆ ಈ ಬಡತನವೇ ಅನುಕೂಲ. ಅಸಲಿ 340ಕ್ಕೆ ಡ್ರಿಲ್ ಹಿಡಿದರೆ ಪಾಪ ಸುತ್ತಿಕೊಳ್ಳುತ್ತದೆ. 318ಕ್ಕೆ ಏನು ಮಾಡಿದರೂ ಅಳುವವರು ಯಾರೂ ಇಲ್ಲ.

ನವೆಂಬರ್

ಈ ಹವ್ಯಾಸದವರು ಸಾಮಾನ್ಯವಾಗಿ ಎಂಜಿನ್ನಿಗೆ ಮೊದಲು ಕೈ ಹಾಕುತ್ತಾರೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕಿರುವ ಕಾರಿಗೆ ಇನ್ನಷ್ಟು ಶಕ್ತಿ ತುಂಬುವುದು ನನಗೆ ಹುಚ್ಚುತನವಾಗಿ ಕಾಣುತ್ತದೆ. ಡ್ರಮ್ಮು ಒಮ್ಮೆ ಕಾದರೆ ಪೆಡಲ್ ಎಷ್ಟೇ ಒತ್ತಿದರೂ ಹಿಡಿತ ಸಿಗುವುದಿಲ್ಲ. ಹಾಗಾಗಿ ಬ್ರೇಕಿನಿಂದಲೇ ಆರಂಭ.

ಚಕ್ರ ಬಿಚ್ಚುವಾಗಲೇ ಡಾಡ್ಜ್‌ನ ಒಡೆಯರಾದ ಕ್ರೈಸ್ಲರ್‌ನವರ ಹಳೆಯ ಹಟ ಎದುರಾಯಿತು. 1970ರವರೆಗೆ ಅವರ ಕಾರುಗಳ ಎಡಬದಿಯ ಚಕ್ರಗಳ ನಟ್ಟುಗಳಿಗೆ ಮರೆ, ಅಂದರೆ ತಿರುಪಿನ ಸುತ್ತು, ಉಲ್ಟಾ. ತಿರುಗುವ ಚಕ್ರ ನಟ್ಟನ್ನು ತಾನೇ ಬಿಗಿ ಮಾಡಿಕೊಳ್ಳಲಿ ಎಂಬ ಎಣಿಕೆ. ಸ್ಟಡ್ಡಿನ ತುದಿಯಲ್ಲಿ ಎಲ್ ಎಂಬ ಅಕ್ಷರ ಒತ್ತಿರುತ್ತದೆ, ಅರ್ಧ ಶತಮಾನದ ಕೊಳೆಯ ಕೆಳಗೆ. ಹುಬ್ಬಳ್ಳಿಯಿಂದ ವಿಡಿಯೊ ಕರೆಯಲ್ಲಿ ನೋಡುತ್ತಿದ್ದ ಅಪ್ಪ, ನಾನು ಕೊಳೆ ಒರೆಸುವ ಮೊದಲೇ, “ಬಿಚ್ಚಲು ಬಾರದಿದ್ದರೆ ಬಿಗಿ ಮಾಡಿ ನೋಡು” ಎಂದರು. ಅವರು ಲಾರಿ ಕಚೇರಿಯಲ್ಲಿ ಕೆಲಸ ಮಾಡಿದವರು. ಕ್ರೈಸ್ಲರ್ ಪರವಾನಗಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಮುಂಬಯಿಯ ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್ ಕಾರುಗಳನ್ನೂ ಫಾರ್ಗೋ ಲಾರಿಗಳನ್ನೂ ಜೋಡಿಸುತ್ತಿತ್ತು. ಅಪ್ಪನ ಪಾಲಿಗೆ ನನ್ನ ಡಾರ್ಟ್ ಫಾರ್ಗೋವಿನ ದಾಯಾದಿ.

ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಗುಜರಿಯಿಂದ ತಂದೆ. 1973ರಿಂದ 1976ರವರೆಗಿನ ಡಾರ್ಟ್, ವೇಲಿಯಂಟ್ ಕಾರುಗಳ ಸ್ಪಿಂಡಲ್, ಕ್ಯಾಲಿಪರ್ ಇಲ್ಲಿ ನೇರವಾಗಿ ಕೂರುತ್ತವೆ. ಆದರೆ ಆ ಕಾರುಗಳ ಮೇಲಿನ ಬಾಲ್ ಜಾಯಿಂಟ್ ದೊಡ್ಡದು, ಆದ್ದರಿಂದ ಮೇಲಿನ ಕಂಟ್ರೋಲ್ ಆರ್ಮ್‌ಗಳನ್ನೂ ಅದೇ ಕಾರಿನಿಂದ ಬಿಚ್ಚಿ ತರಬೇಕು. ಚಕ್ರದ ಐದು ಸ್ಟಡ್ಡುಗಳು ಕೂರುವ ವೃತ್ತವೂ 4 ಅಂಗುಲದಿಂದ 4.5ಕ್ಕೆ ಹಿಗ್ಗುತ್ತದೆ. ಮುಂದೆ ಒಂದು ಅಳತೆ, ಹಿಂದೆ ಇನ್ನೊಂದಾದರೆ ಸ್ಟೆಪ್ನಿ ಎರಡು ಇಟ್ಟುಕೊಳ್ಳಬೇಕಾಗುತ್ತದೆ. ಹೀಗೆ ಬ್ರೇಕಿನ ಕೆಲಸ ಹಿಂದಿನ ಆಕ್ಸಲ್‌ವರೆಗೂ ಬೆಳೆಯಿತು. ಅದರ ಮಾತು ಮುಂದೆ.

ಮುಂದುಗಡೆ ಈ ಕಾರಿಗೆ ಕಾಯಿಲ್ ಸ್ಪ್ರಿಂಗ್ ಇಲ್ಲ. ಉದ್ದದ ಉಕ್ಕಿನ ಸರಳೊಂದು ತಿರುಚಿಕೊಂಡು ಭಾರ ಹೊರುತ್ತದೆ. ಆ ಟಾರ್ಷನ್ ಬಾರನ್ನು ಬಿಚ್ಚುವಾಗ ಪಾನಾದ ಹಲ್ಲು ತಾಗಬಾರದು, ಏಕೆಂದರೆ ಮೇಲ್ಮೈಯ ಒಂದು ಗೀರು ನಾಳೆ ಬಿರುಕಾಗುತ್ತದೆ. ಹಳೆಯದನ್ನು ತೆಗೆದು ಸ್ವಲ್ಪ ದಪ್ಪನೆಯದನ್ನು ಹಾಕಿದೆ. ಕಾರಿನ ಎತ್ತರವನ್ನು ಒಂದು ಬೋಲ್ಟ್ ತಿರುಗಿಸಿ ಹೊಂದಿಸಬಹುದು. ಇಷ್ಟು ಸರಳವಾದ ವ್ಯವಸ್ಥೆಯನ್ನು ಬಿಟ್ಟುಕೊಟ್ಟದ್ದೇಕೋ ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ಡಿಸೆಂಬರ್

ವೈರಿಂಗ್. ಇದಕ್ಕೆ ಒಂದು ತಿಂಗಳನ್ನೇ ಕೊಟ್ಟದ್ದು ಸರಿಯಾಯಿತು.

ಆ ಕಾಲದ ಕ್ರೈಸ್ಲರ್ ಕಾರುಗಳಲ್ಲಿ ಬ್ಯಾಟರಿಗೆ ಸೇರಬೇಕಾದ ಕರೆಂಟು ಒಂದು ಸುತ್ತು ಹಾಕಿಕೊಂಡು ಹೋಗುತ್ತದೆ. ಆಲ್ಟರ್ನೇಟರಿನಿಂದ ಹೊರಟ ದಪ್ಪ ಕಪ್ಪು ವೈರು ಎಂಜಿನ್ನಿನ ಹಿಂದಿನ ಗೋಡೆ ದಾಟಿ ಡ್ಯಾಶ್‌ಬೋರ್ಡಿನ ಆಮ್‌ಮೀಟರಿಗೆ ಹೋಗುತ್ತದೆ. ಅಲ್ಲಿಂದ ಕೆಂಪು ವೈರಾಗಿ ಅದೇ ಗೋಡೆ ದಾಟಿ ಬ್ಯಾಟರಿಗೆ ವಾಪಸು ಬರುತ್ತದೆ. ಗೋಡೆಯಲ್ಲಿ ದಾಟುವ ಜಾಗದಲ್ಲಿ ಪ್ಲಾಸ್ಟಿಕ್ಕಿನ ಒಂದು ಕನೆಕ್ಟರ್ ಇದೆ. ಅದರೊಳಗಿನ ತೆಳು ಚಪ್ಪಟೆ ಟರ್ಮಿನಲ್ಲುಗಳೇ ಆ ಕರೆಂಟನ್ನೆಲ್ಲ ಹೊರಬೇಕು. ಸ್ವಲ್ಪ ತುಕ್ಕು ಕೂತರೆ ಸಾಕು, ಶಾಖ ಹುಟ್ಟುತ್ತದೆ.

ನನ್ನ ಕನೆಕ್ಟರನ್ನು ಎಳೆದು ಬೆಳಕಿಗೆ ಹಿಡಿದೆ. ಉಳಿದ ಮನೆಗಳೆಲ್ಲ ಕಪ್ಪಗೆ ಗಟ್ಟಿಯಾಗಿವೆ. ಕೆಂಪು ಮತ್ತು ಕಪ್ಪು ವೈರು ಕೂರುವ ಎರಡು ಮನೆಗಳ ಸುತ್ತ ಪ್ಲಾಸ್ಟಿಕ್ಕು ಕಂದಾಗಿ ಉಬ್ಬಿದೆ, ಟರ್ಮಿನಲ್ಲಿನ ಹಿತ್ತಾಳೆ ನೀಲಿ ತಿರುಗಿದೆ. ಉಗುರಿನಿಂದ ಕೆರೆದಾಗ ಪ್ಲಾಸ್ಟಿಕ್ಕು ಪುಡಿಯಾಗಿ ಉದುರಿತು. ಇನ್ನೊಂದು ಬೇಸಿಗೆಯಲ್ಲಿ ರಾತ್ರಿ ಹೆಡ್‌ಲೈಟು, ಬ್ಲೋವರ್ ಎರಡೂ ಹಾಕಿಕೊಂಡು ಓಡಿಸಿದ್ದರೆ ಡ್ಯಾಶ್‌ಬೋರ್ಡಿನ ಹಿಂದೆ ಹೊಗೆ ಏಳುತ್ತಿತ್ತು.

ಆಲ್ಟರ್ನೇಟರಿನಿಂದ ಸ್ಟಾರ್ಟರ್ ರಿಲೇವರೆಗೆ 8 ಗೇಜಿನ ಹೊಸ ವೈರನ್ನು ನೇರವಾಗಿ ಎಳೆದೆ (ಗೇಜಿನ ಅಂಕಿ ಏರಿದಷ್ಟೂ ವೈರು ತೆಳು). ಅದರ ತುದಿಗೆ 12 ಗೇಜಿನ ಫ್ಯೂಸಿಬಲ್ ಲಿಂಕ್: ಕಾಪಾಡಬೇಕಾದ ವೈರಿಗಿಂತ ನಾಲ್ಕು ಗೇಜ್ ತೆಳುವಾಗಿರಬೇಕು, ಹಾಗಿದ್ದರೆ ಅನಾಹುತವಾದಾಗ ಅದೇ ಮೊದಲು ಸುಡುತ್ತದೆ. ಆಮ್‌ಮೀಟರಿನ ಎರಡು ತುದಿಗಳನ್ನೂ ಒಂದೇ ಬೋಲ್ಟಿಗೆ ಸೇರಿಸಿದೆ. ಮೀಟರು ಡ್ಯಾಶ್‌ಬೋರ್ಡಿನಲ್ಲೇ ಇದೆ, ಮುಳ್ಳು ಮಾತ್ರ ಇನ್ನೆಂದೂ ಅಲುಗುವುದಿಲ್ಲ. ಕೆಳಗೆ ಸಣ್ಣ ವೋಲ್ಟ್‌ಮೀಟರ್ ಕೂರಿಸಿದ್ದೇನೆ.

ಪಾಯಿಂಟ್ ಇಗ್ನಿಷನ್ ತೆಗೆದು, 1970ರ ದಶಕದಲ್ಲಿ ಕ್ರೈಸ್ಲರ್ ತಾನೇ ತಂದ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ್ದೇನೆ. ಇಗ್ನಿಷನ್ ಕಾಯಿಲಿಗೆ ಹೋಗುವ ಕರೆಂಟನ್ನು ತಗ್ಗಿಸುವ ಅದರ ಬ್ಯಾಲಸ್ಟ್ ರೆಸಿಸ್ಟರ್ ಹೇಳದೆ ಕೇಳದೆ ಕೈಕೊಡುವುದು ಈ ಕಾರಿನವರಿಗೆಲ್ಲ ಗೊತ್ತು. ಗ್ಲೋವ್ ಬಾಕ್ಸಿನಲ್ಲಿ ಒಂದು ಬಿಡಿ ರೆಸಿಸ್ಟರು, ಒಂದು ಸ್ಕ್ರೂಡ್ರೈವರ್ ಕಾಯಂ.

ಜನವರಿ

ಚಳಿ. ಕಬ್ಬಿಣ ಮುಟ್ಟಿದರೆ ಕೈ ಅಂಟುತ್ತದೆ. ಏನೂ ಆಗಲಿಲ್ಲ.

ಮಾರ್ಚ್

ಎಂಜಿನ್ ಮಷೀನ್ ಶಾಪಿನಿಂದ ವಾಪಸು ಬಂದಿದೆ. ಬೋರು, ಅಂದರೆ ಸಿಲಿಂಡರಿನ ಒಳವ್ಯಾಸ, 3.91 ಅಂಗುಲದಿಂದ 3.94ಕ್ಕೆ ಏರಿದೆ. ಈಗ ಒಟ್ಟು 323 ಘನ ಅಂಗುಲ. 360 ಘನ ಅಂಗುಲದ ಎಂಜಿನ್ ತಂದು ಹಾಕು ಎಂದವರಿದ್ದಾರೆ. ಅಗ್ಗಕ್ಕೆ ಹೆಚ್ಚು ಶಕ್ತಿ ಸಿಗುತ್ತದೆ, ನಿಜ. ಆದರೆ ಜಾತಕದಲ್ಲಿರುವ ಆ ಜಿ ಅಕ್ಷರಕ್ಕೆ ಅರ್ಥ ಉಳಿಯುವುದಿಲ್ಲ. ಹೆಡ್ಡುಗಳನ್ನು 1980ರ ದಶಕದ 318ರಿಂದ ತಂದೆ. ಗುಜರಿಯಲ್ಲಿ ಅವುಗಳನ್ನು ಎರಕದ ಮೇಲಿನ 302 ಎಂಬ ಅಂಕಿಯಿಂದ ಗುರುತಿಸುತ್ತಾರೆ. ಚೇಂಬರ್ ಚಿಕ್ಕದು, ಕಂಪ್ರೆಷನ್ ಏರುತ್ತದೆ. ಸೀಸವಿಲ್ಲದ ಪೆಟ್ರೋಲಿಗೆಂದೇ ಮಾಡಿದವಾದ್ದರಿಂದ ವಾಲ್ವ್ ಸೀಟಿನ ಚಿಂತೆಯೂ ಇಲ್ಲ. ಮೇಲೆ ನಾಲ್ಕು ಬ್ಯಾರಲ್ಲಿನ ಕಾರ್ಬೊರೇಟರ್, ಅಲ್ಯೂಮಿನಿಯಮ್ ಇನ್‌ಟೇಕ್. ಎಕ್ಸಾಸ್ಟಿಗೆ ಹಳೆಯ ಎರಕದ ಮ್ಯಾನಿಫೋಲ್ಡೇ ಸಾಕು. ಇಷ್ಟು ಇಕ್ಕಟ್ಟಿನಲ್ಲಿ ಹೆಡರ್ (ಪ್ರತಿ ಸಿಲಿಂಡರಿಗೂ ಬೇರೆ ಪೈಪಿನ ಎಕ್ಸಾಸ್ಟ್) ತುರುಕಿದರೆ ಒಂದು ಪೈಪು ಟಾರ್ಷನ್ ಬಾರಿಗೆ ತಾಗುತ್ತದೆ, ಇನ್ನೊಂದು ಸ್ಪಾರ್ಕ್ ಪ್ಲಗ್ಗಿನ ವೈರನ್ನು ಸುಡುತ್ತದೆ.

ಮೇ

ಹಿಂದಿನ ಆಕ್ಸಲ್. ಮೂಲದ 7¼ ಅಂಗುಲದ್ದು ಹೊಸ ಎಂಜಿನ್ನಿನ ಮುಂದೆ ತಾಳುವಂತಿರಲಿಲ್ಲ. 1970ರ ದಶಕದ ಮಧ್ಯದ ಡಾರ್ಟಿನ 8¼ ಅಂಗುಲದ ಆಕ್ಸಲ್ ಅದೇ ಲೀಫ್ ಸ್ಪ್ರಿಂಗುಗಳ ಮೇಲೆ ಕೂತಿತು. ಸ್ಟಡ್ಡಿನ ವೃತ್ತವೂ 4.5. ನಾಲ್ಕು ಚಕ್ರಕ್ಕೂ ಈಗ ಒಂದೇ ಸ್ಟೆಪ್ನಿ, ಎಲ್ಲ ನಟ್ಟುಗಳಿಗೂ ಒಂದೇ ಮರೆ.

ಜೂನ್

ಎಂಜಿನ್ ಎದ್ದಿತು! ಹೊಸ ಕ್ಯಾಮಿಗೆ, ವಾಲ್ವುಗಳನ್ನು ತೆರೆಯಿಸುವ ಆ ದಂಡಕ್ಕೆ, ಮೊದಲ ಇಪ್ಪತ್ತು ನಿಮಿಷವೇ ಆಯುಷ್ಯದ ತೀರ್ಮಾನ. ಚಪ್ಪಟೆ ತಳದ ಟ್ಯಾಪೆಟ್ಟುಗಳು ಕ್ಯಾಮಿನ ಮೇಲೆ ಉಜ್ಜಿಕೊಂಡು ಪಳಗುವ ಹೊತ್ತು ಅದು. ಐಡಲ್‌ಗೆ ಬಿಡದೆ ನಿಮಿಷಕ್ಕೆ 2000 ಸುತ್ತಿನ ಮೇಲೆಯೇ ಹಿಡಿದಿರಬೇಕು, ಸತುವಿನ ಅಂಶ ಹೆಚ್ಚಿರುವ ಎಣ್ಣೆಯನ್ನೇ ಹಾಕಬೇಕು. ಈಗಿನ ಕಾರುಗಳ ಎಣ್ಣೆಯಲ್ಲಿ, ಕ್ಯಾಟಲಿಟಿಕ್ ಕನ್ವರ್ಟರ್ ಕೆಡದಿರಲೆಂದು, ಅದನ್ನು ಇಳಿಸಿದ್ದಾರೆ. ಎದುರು ಮನೆಯವರು ಬಂದು, ನಿಂತು ಕೇಳಿ, ಏನೂ ಹೇಳದೆ ಹೋದರು. ದೂರೋ ಮೆಚ್ಚುಗೆಯೋ ತಿಳಿಯಲಿಲ್ಲ.

ಜುಲೈ

ಹಿಸ್ಟಾರಿಕ್ ನಂಬರ್ ಪ್ಲೇಟಿಗೆ ಅರ್ಜಿ ಹಾಕಿದ್ದೇನೆ. ಮಿಷಿಗನ್‌ನಲ್ಲಿ ಈ ಪ್ಲೇಟಿನ ಕಾರನ್ನು ಪ್ರದರ್ಶನ, ಮೆರವಣಿಗೆ, ಕ್ಲಬ್ಬಿನ ಕೂಟಗಳಿಗಷ್ಟೇ ಹೊರತರಬೇಕು. ಆಗಸ್ಟ್ ತಿಂಗಳೊಂದರಲ್ಲಿ ಮಾತ್ರ ತರಕಾರಿ ತರಲೂ ಒಯ್ಯಬಹುದು. ವುಡ್‌ವರ್ಡ್ ಅವೆನ್ಯೂದಲ್ಲಿ 1995ರಿಂದ ನಡೆಯುತ್ತಿರುವ ಹಳೆಯ ಕಾರುಗಳ ಮೆರವಣಿಗೆ ಡ್ರೀಮ್ ಕ್ರೂಸ್ ಕೂಡ ಆಗಸ್ಟ್‌ನಲ್ಲೇ, ಮೂರನೆಯ ಶನಿವಾರ.

ಅಷ್ಟರೊಳಗೆ ಸ್ಪೀಡೊಮೀಟರ್ ಸರಿಯಾಗಬೇಕು. ಹಳೆಯ ಆಕ್ಸಲ್ಲಿನ ಅನುಪಾತ 2.76, ಹೊಸದರದು 3.21. ಗೇರ್‌ಬಾಕ್ಸಿನ ಬಾಲದಲ್ಲಿರುವ ಪುಟ್ಟ ಪ್ಲಾಸ್ಟಿಕ್ ಪಿನಿಯನ್ನಿಗೆ ಈ ಬದಲಾವಣೆ ಗೊತ್ತಿಲ್ಲ. ಕಾರು ಗಂಟೆಗೆ 60 ಮೈಲಿ ಓಡುವಾಗ ಮುಳ್ಳು 70 ತೋರಿಸುತ್ತಿದೆ. ಹೆಚ್ಚು ಹಲ್ಲಿನ ಪಿನಿಯನ್ ತರಿಸಿದ್ದೇನೆ. ಡಿಕ್ಕಿಯ ರಬ್ಬರ್ ಬೀಡಿಂಗ್ ಇನ್ನೂ ಬಂದಿಲ್ಲ.