ಮನೆಯ ಏರಿಗೆ ಒಂದು ಹಳೆಯ ಡಸ್ಟರ್

ಶಿರಸಿ ಸೀಮೆಯ ತೋಟದ ಮನೆಗಳಿಗೆ ಡಾಂಬರು ರಸ್ತೆಯಿಂದ ಇಳಿಯುವ ಕೆಮ್ಮಣ್ಣಿನ ದಾರಿಯಲ್ಲಿಯೇ ಕಾರಿನ ಯೋಗ್ಯತೆ ಗೊತ್ತಾಗುವುದು. ಮುಂದಿನ ಚಕ್ರಗಳಿಗೆ ಮಾತ್ರ ಎಳೆತವಿರುವ ಕಾರು, ಮಳೆಗಾಲದ ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ವಾಲಿದಾಗ, ನಿಂತಲ್ಲೇ ಚಕ್ರ ತಿರುಗಿಸುತ್ತ ರಾಡಿ ಹಾರಿಸುತ್ತದೆ. ಆಮೇಲೆ ಅದನ್ನು ರಸ್ತೆಯಂಚಿನಲ್ಲೇ ಬಿಟ್ಟು ಅಕ್ಕಿಚೀಲವನ್ನೂ ಗ್ಯಾಸ್ ಸಿಲಿಂಡರನ್ನೂ ಹೊತ್ತು ಇಳಿಯಬೇಕು. ನಾನು ಆಲ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಗಳಿಗೆ ಎಳೆತ ಇರುವ ಹಳೆಯ ರೆನೊ ಡಸ್ಟರ್ ಕಾರನ್ನು ಹುಡುಕಿದ್ದು ಆ ಒಂದು ತುಂಡು ದಾರಿಗಾಗಿ ಮತ್ತು ಮೊಣಕಾಲು ನೋವಿನ ಆಯಿಗಾಗಿ. ಕಾಡು ಸುತ್ತುವ ಉಮೇದು ನನಗೆ ಎಂದೂ ಇರಲಿಲ್ಲ.

2014ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಈ ಮಾದರಿಗೆ 1.5 ಲೀಟರಿನ ಡೀಸೆಲ್ ಎಂಜಿನ್ನೂ ಆರು ಗೇರುಗಳೂ ಇವೆ. ಜೀಪಿನಲ್ಲಿರುವಂತಹ ಲೋ ರೇಂಜ್ (ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ ಬೇರೆ ಗೇರು ಜೋಡಣೆ) ಇಲ್ಲದಿದ್ದರೂ, ಮೊದಲ ಗೇರು ಏರು ಹತ್ತುವುದಕ್ಕೆಂದೇ ಮಾಡಿದಷ್ಟು ನಿಧಾನದ್ದಾಗಿದೆ. ಸ್ಟೆಪ್ನಿ ಡಿಕ್ಕಿಯ ಒಳಗೇ ಕುಳಿತಿರುವುದರಿಂದ ಸಾಮಾನಿನ ಜಾಗ ಸ್ವಲ್ಪ ಕಡಿಮೆ. ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾದ 2020ರಲ್ಲಿ ಡೀಸೆಲ್ ಡಸ್ಟರ್ ನಿಂತುಹೋದ ಕಾರಣ ಈ ಮಾದರಿಯಲ್ಲಿ ಈಗ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್ ಗಾಡಿಯೇ.

ನೋಡಿದ ಗಾಡಿಗಳಲ್ಲಿ ಒಂದು ಕಾರವಾರದ್ದು. ಬಣ್ಣ ಕನ್ನಡಿಯಂತಿತ್ತು, ಸೀಟು ಹರಿದಿರಲಿಲ್ಲ, ಓಡಿದ ಕಿಲೋಮೀಟರೂ ಕಡಿಮೆಯೇ. ಆದರೆ ಗ್ಯಾರೇಜಿನಲ್ಲಿ ಗಾಡಿಯನ್ನು ಎತ್ತಿಸಿ ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿದಾಗ ಕಡಲಗಾಳಿಯ ಉಪ್ಪು ಮಾಡಿದ ಕೆಲಸ ಕಂಡಿತು: ಹಿಂದಿನ ಸಸ್ಪೆನ್ಷನ್ನಿನ ತೋಳುಗಳ ಮೇಲೆ ಹಕ್ಕಳೆಯೆದ್ದ ತುಕ್ಕು, ಬ್ರೇಕ್ ಪೈಪಿನ ಕ್ಲಿಪ್ಪುಗಳು ಸ್ಕ್ರೂಡ್ರೈವರಿನಿಂದ ಮುಟ್ಟಿದರೆ ಪುಡಿ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲಿನ ತಳದಲ್ಲಿ ಧೂಳು ಮೆತ್ತಿಕೊಂಡ ಎಣ್ಣೆಯ ಜಿಡ್ಡು. ಕರಾವಳಿಯ ಗಾಡಿ ಕೊಳ್ಳುವವರು ಮೀಟರಿಗಿಂತ ಮೊದಲು ಅಡಿಭಾಗವನ್ನು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಎಂಜಿನ್ನಿನೊಳಗಿನ ಭಾಗಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ಲನ್ನೂ ಕೇಳಬೇಕು. ಬಿಲ್ಲಿಲ್ಲವೆಂದರೆ ಬದಲಿಸಿಲ್ಲವೆಂದೇ ತಿಳಿದು ಆ ಖರ್ಚನ್ನು ಬೆಲೆಯಲ್ಲಿ ಕಳೆಯುವುದು ಒಳ್ಳೆಯದು.

ಗೋವಾ ನೋಂದಣಿಯ ಗಾಡಿಯೂ ಒಂದು ಬಂದಿತ್ತು. ಅಲ್ಲಿಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆ ಕಟ್ಟಬೇಕು. ಅಗ್ಗವೆಂದು ಕಂಡದ್ದು ಅಲ್ಲಿಗೆ ಸರಿಹೋಯಿತು. ಕೊನೆಗೆ ಕೊಂಡದ್ದು ಘಟ್ಟದ ಮೇಲಿನ, ಶಿರಸಿಯಲ್ಲೇ ನೋಂದಣಿಯಾದ ಕೆಎ-31ರ ಗಾಡಿಯನ್ನು.

ಕೊಳ್ಳುವ ಮೊದಲು ಅದನ್ನು ಸಡಿಲ ಜಲ್ಲಿಯ ಏರಿನಲ್ಲಿ ನಿಲ್ಲಿಸಿ, ಎಳೆತದ ಗುಂಡಿಯನ್ನು ಹಿಂದಿನ ಚಕ್ರಗಳನ್ನೂ ಮುಂದಿನವುಗಳ ಜೊತೆ ಬಿಗಿಯಾಗಿ ಜೋಡಿಸುವ ‘ಲಾಕ್’ಗೆ ತಿರುಗಿಸಿ, ಹಿಂದಿನ ಚಕ್ರಗಳು ಕಲ್ಲು ಕೆದರುತ್ತವೆಯೇ ಎಂದು ಹೊರಗೆ ನಿಂತವರಿಂದ ನೋಡಿಸಿದೆ. ಒಣ ಡಾಂಬರಿನ ಮೇಲೆ ಲಾಕ್ ಹಾಕಿ ಓಡಿಸಬಾರದು: ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಸವೆಸುವ ದಾರಿ ಒಂದೇ ಅಳತೆಯದಲ್ಲ, ಕೆಸರಿನಲ್ಲಾದರೆ ಚಕ್ರ ಜಾರಿ ಆ ವ್ಯತ್ಯಾಸ ತೀರುತ್ತದೆ, ಡಾಂಬರಿನಲ್ಲಿ ಹಾಗಾಗದೆ ಒತ್ತಡವೆಲ್ಲ ಗಾಡಿಯ ಆಕ್ಸಲ್ಲು, ಗೇರುಗಳ ಮೇಲೆ ಬೀಳುತ್ತದೆ. ನಾಲ್ಕೂ ಟಯರುಗಳು ಒಂದೇ ಅಳತೆಯವು, ಹೆಚ್ಚುಕಡಿಮೆ ಒಂದೇ ಸವೆತದವು ಆಗಿರಬೇಕಾದುದೂ ಇದೇ ಕಾರಣಕ್ಕೆ. ಟಯರ್ ಅಂಗಡಿಯವರು ‘ಮುಂದಿನವೆರಡು ಸಾಕು ಮಾರಾಯ್ರೇ’ ಎಂದರೂ ನಾನು ನಾಲ್ಕನ್ನೂ ಒಟ್ಟಿಗೇ ಹಾಕಿಸುತ್ತೇನೆ.

ಏರಿನಲ್ಲಿ ಅದು ನಿರಾಸೆ ಮಾಡಿಲ್ಲ. ಆಯಿ ಈಗ ಅಂಗಳದಲ್ಲೇ ಇಳಿಯುತ್ತಾರೆ. ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವಾಗ ಮಾತ್ರ ಈ ವ್ಯವಸ್ಥೆಯನ್ನು ನಂಬಿ ವೇಗ ಹೆಚ್ಚಿಸುವಂತಿಲ್ಲ. ಬ್ರೇಕು ಸಣ್ಣ ಕಾರಿನಲ್ಲಿಯೂ ನಾಲ್ಕು ಚಕ್ರಗಳನ್ನೇ ಹಿಡಿಯುತ್ತದೆ, ಆದ್ದರಿಂದ ಇಳಿಜಾರಿನಲ್ಲಿ ಡಸ್ಟರಿಗೆ ಹೆಚ್ಚಿನ ಅನುಕೂಲವೇನೂ ಇಲ್ಲ, ಭಾರವೊಂದು ಹೆಚ್ಚು. ಅಲ್ಲಿ ಎರಡನೆಯ ಅಥವಾ ಮೂರನೆಯ ಗೇರಿನಲ್ಲಿಯೇ ಇಳಿಯುತ್ತೇನೆ. ಹಿಂದಿನಿಂದ ಬಸ್ಸಿನವರು ಹಾರ್ನ್ ಹೊಡೆದರೆ ಬದಿಗೆ ಸರಿದು ದಾರಿ ಬಿಡುತ್ತೇನೆ.