ಬಿಳಿ ಕಣ್ಣಿನ 14 ಹೆಣ್ಣುಗಳು

ಪ್ರಾಣಿಶಾಸ್ತ್ರ ವಿಭಾಗದ ಹಿಂದಿನ ಪುಟ್ಟ ಕೋಣೆಯಲ್ಲಿ ರವೆ, ಬೆಲ್ಲ, ಅಗರ್ ಕುದಿಯುವಾಗ ಯಾರೋ ಸಜ್ಜಿಗೆ ಮಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಅದು ಡ್ರೊಸೊಫಿಲ ಎಂಬ ಹಣ್ಣಿನ ನೊಣಗಳ ಊಟ. ನೊಣಗಳು ಬಂದದ್ದು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಡ್ರೊಸೊಫಿಲ ಸ್ಟಾಕ್ ಸೆಂಟರ್‌ನಿಂದ.

ಆನರ್ಸ್ ವರ್ಷದಲ್ಲಿ ನಾನು ಕೈಗೆತ್ತಿಕೊಂಡದ್ದು 1910ರಲ್ಲಿ ತಳಿವಿಜ್ಞಾನಿ ಮಾರ್ಗನ್ ಕಂಡ ಬಿಳಿ ಕಣ್ಣಿನ ಪ್ರಯೋಗ. ಬಿಳಿ ಕಣ್ಣಿನ ಹೆಣ್ಣನ್ನು ಕೆಂಪು ಕಣ್ಣಿನ ಗಂಡಿನೊಂದಿಗೆ ಬಿಟ್ಟರೆ ಹೆಣ್ಣುಮರಿಗಳೆಲ್ಲ ಅಪ್ಪನಂತೆ ಕೆಂಪು, ಗಂಡುಮರಿಗಳೆಲ್ಲ ತಾಯಿಯಂತೆ ಬಿಳಿ ಆಗಬೇಕು. ಕಣ್ಣಿನ ಈ ಬಣ್ಣದ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ, ಗಂಡುಮರಿಗೆ ಅದು ತಾಯಿಯಿಂದ ಮಾತ್ರ ಬರುತ್ತದೆ. ನನ್ನ ಬಾಟಲಿಯಲ್ಲಿ ಬಿಳಿ ಕಣ್ಣಿನ ಹೆಣ್ಣುಗಳು ಕಂಡವು. ಈಥರ್‌ಗೆ ಮಲಗಿದ್ದವನ್ನು ಕುಂಚದ ತುದಿಯಿಂದ ಹೊರಳಿಸಿ, ಮುಂಗಾಲಿನಲ್ಲಿ ಗಂಡಿಗಿರುವ ಕಪ್ಪು ಬಾಚಣಿಗೆ ಇದೆಯೇ ಎಂದು ಒಂದೊಂದನ್ನೂ ನೋಡಿದೆ. ಇರಲಿಲ್ಲ. ಎಣಿಸಿದರೆ 14.

ಮೇಡಂ ಬೈಯಲಿಲ್ಲ. "ಹೆಣ್ಣುಗಳನ್ನು ಎಷ್ಟು ಹೊತ್ತಿಗೆ ಬೇರೆ ಮಾಡಿದೆಯಮ್ಮಾ?" ಎಂದಷ್ಟೇ ಕೇಳಿದರು. ಪ್ಯೂಪಾದ ಗೂಡಿನಿಂದ ಹೊರಬಂದ ಹೆಣ್ಣು ಸುಮಾರು ಎಂಟು ಗಂಟೆ ಗಂಡನ್ನು ಕೂಡುವುದಿಲ್ಲ, ಅಷ್ಟರೊಳಗೆ ಹೆಕ್ಕಬೇಕು. ನಾನು ಸಂಜೆ ಬಾಟಲಿಯ ನೊಣಗಳನ್ನೆಲ್ಲ ಖಾಲಿ ಮಾಡಿ, ಆಮೇಲೆ ಗೂಡಿನಿಂದ ಹೊರಬಂದ ಹೆಣ್ಣುಗಳನ್ನು ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಹೆಕ್ಕಿದ್ದೆ. ರಾತ್ರಿಯೇ ಅವು ಅದೇ ಬಾಟಲಿಯ ಬಿಳಿ ಕಣ್ಣಿನ ಗಂಡುಗಳನ್ನು ಕೂಡಿದ್ದವು. ಆ 14 ನೊಣಗಳು ತಮ್ಮ ಅಪ್ಪ ಯಾರೆಂಬುದನ್ನು ಕಣ್ಣಲ್ಲೇ ಬರೆದುಕೊಂಡು ಬಂದಿದ್ದವು.

ಜೀವಿಯೊಂದರ ಇಡೀ ಡಿಎನ್‌ಎಯನ್ನು, ಅಂದರೆ ಜೀನೋಮನ್ನು, ಓದುವ ಜೀನೋಮಿಕ್ಸ್ ಬಂದದ್ದು ಮುಂದಿನ ಸೆಮಿಸ್ಟರ್‌ನಲ್ಲಿ. ಡ್ರೊಸೊಫಿಲದ ಜೀನೋಮ್ 2000ದಲ್ಲೇ ಪ್ರಕಟವಾಗಿತ್ತು. ಯಾರು ಬೇಕಾದರೂ ತೆರೆದು ಓದಬಹುದು. ನಾನು ಮೊದಲು ಹುಡುಕಿದ್ದು 'ವೈಟ್' ಜೀನನ್ನು. ಅದರ ಪ್ರೋಟೀನು ಕಣ್ಣಿನ ಬಣ್ಣಕ್ಕೆ ಬೇಕಾದ ಕಚ್ಚಾವಸ್ತುವನ್ನು ಹೊತ್ತು ಸಾಗಿಸುವ ಹಮಾಲಿ. ಮಾರ್ಗನ್ ಕಂಡ ತಳಿಯಲ್ಲಿ 'ಡಾಕ್' ಎಂಬ ಅಲೆಮಾರಿ ಡಿಎನ್‌ಎ ತುಣುಕು ಆ ಜೀನಿನ ಆರಂಭದಲ್ಲೇ ಬಂದು ಕುಳಿತಿದೆ. ಹಮಾಲಿಯಿಲ್ಲ, ಬಣ್ಣವೂ ಇಲ್ಲ. ಪರದೆಯ ಮೇಲಿನ ಡಿಎನ್‌ಎ ಅಕ್ಷರಗಳಾದ ಎ, ಟಿ, ಜಿ, ಸಿ ಸಾಲುಗಳನ್ನು ನೋಡುತ್ತಾ ಮೈ ಜುಮ್ಮೆಂದಿತು. ನೊಣದ ಕೋಣೆಯನ್ನು ಕಾಣದೆ ನೇರವಾಗಿ ಇಲ್ಲಿಗೆ ಬಂದಿದ್ದರೆ ಅವು ನನಗೆ ಬರೀ ಅಕ್ಷರಗಳಾಗಿಯೇ ಉಳಿಯುತ್ತಿದ್ದವು. ಆ ಕೋಣೆಯನ್ನು ಕಾಲೇಜು ಎಂದೂ ಮುಚ್ಚದಿರಲಿ.

ಪ್ರಯೋಗವನ್ನು ಮತ್ತೆ ಮಾಡಿದ್ದೆ: ಬೆಳಿಗ್ಗೆ ಏಳಕ್ಕೆ ಬಾಟಲಿ ಖಾಲಿ, ಮಧ್ಯಾಹ್ನ ಒಂದಕ್ಕೆ ಹೆಕ್ಕಿದ್ದು. ಹತ್ತು ದಿನ ಕಾದ ಮೇಲಿನ ಎಣಿಕೆ ರೆಕಾರ್ಡ್ ಪುಸ್ತಕದಲ್ಲಿದೆ: ಕೆಂಪು ಹೆಣ್ಣು 96, ಬಿಳಿ ಗಂಡು 91. ಹಿಂದಿನ ಪುಟದಲ್ಲಿ ಆ 14 ಕೂಡ ಇವೆ. ಆ ಪುಟ ಹರಿಯಲು ಮೇಡಂ ಬಿಡಲಿಲ್ಲ.